ಮನಸ್ಸು ತೂಗುವ ಸರ

"ನನ್ನ ಸರದ ಚಿನ್ನ ಎಲ್ಲಿ?"

ಟೀಚರಮ್ಮನ ದನಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಕೊಂಡಿ ರಿಪೇರಿಗೆ ಕೊಟ್ಟ ದಿನ ತಕ್ಕಡಿಯ ತಟ್ಟೆಯನ್ನು ಮೇಜಿಗೆ ತಾಗಿಸಿದ್ದ ಅಜ್ಜಿಯ ಸರ, ಇಂದು ಅದೇ ತೂಕದ ಬಟ್ಟುಗಳೆದುರು ಮೇಲೆದ್ದು ನಿಂತಿತ್ತು!

"ಅಮ್ಮನಾಣೆ ಟೀಚರ್... ಕೊಂಡಿ ಬಿಟ್ಟು ನಾನೇನೂ ಮುಟ್ಟಿಲ್ಲ," ಎಂದ ಅಕ್ಕಸಾಲಿಗ.

ಅವನ ಆ ಕಣ್ಣುಗಳನ್ನು ನೋಡಲೆಂದೇ ಅವಳು "ಸರ ಆಯ್ತಾ?" ಎಂದು ದಿನವೂ ಬರುತ್ತಿದ್ದಳು. ಆದರೆ ಎಲುಬಿಲ್ಲದ ನಾಲಿಗೆ, ಕೇಳಬೇಕಲ್ಲ!

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಸುಮ್ಮನೆ ಹೇಳ್ತಾರಾ!"

ಅವನ ಮುಖ ಬಾಡಿತು. ಗಲ್ಲಾಪೆಟ್ಟಿಗೆಯ ಮುಂದಿದ್ದ ಅವನ ದೊಡ್ಡಪ್ಪ ಕನ್ನಡಕ ತೆಗೆದರು. "ಏಳಪ್ಪಾ. ಕದ್ದ ಕೈಗೆ ನನ್ನಂಗಡೀಲಿ ಕೆಲಸ ಇಲ್ಲ. ಸಂಜೆಯೊಳಗೆ ಗಂಟುಮೂಟೆ ಕಟ್ಟು."

ಸರ ಹಾಕಿಕೊಂಡು ಹೊರಟವಳಿಗೆ ದಾರಿಯುದ್ದಕ್ಕೂ ಅದು ಭಾರವಾಗುತ್ತಲೇ ಹೋಯಿತು. ಮನೆ ಮುಟ್ಟುವಷ್ಟರಲ್ಲಿ ಕತ್ತು ಎತ್ತಲಾಗಲಿಲ್ಲ.

"ಹಗುರ ಅಂದೆಯಲ್ಲೇ ಪುಟ್ಟೀ?" ಅವಳ ಕತ್ತಿನಿಂದ ಸರ ಬಿಚ್ಚಿದ ಅಜ್ಜಿ ಏದುಸಿರು ಬಿಟ್ಟರು. ಆಮೇಲೆ ನಕ್ಕರು. "ಇದು ನಮ್ಮನೆ ಹೆಣ್ಣುಮಕ್ಕಳ ಮನಸ್ಸು ತೂಗೋ ಸರ ಕಣೇ. ಮನಸ್ಸು ಭಾರ ಆದ್ರೆ ಇದೂ ಭಾರ. ನಿಮ್ಮಮ್ಮ ಹೋದ್ಮೇಲೆ ಕಲ್ಲಾಗಿತ್ತು. ಅಂಗಡೀಲಿ ಹಗುರ ಆಯ್ತು ಅಂದ್ರೆ... ಯಾರೇ ಇರೋದು ಅಲ್ಲಿ?"

ಅಯ್ಯೋ! ತನ್ನ ಖುಷಿಯನ್ನೇ ಸಾಕ್ಷಿ ಮಾಡಿ ಅವನನ್ನು ಕಳ್ಳನೆಂದಿದ್ದಳಲ್ಲ! ಈಗ ಅವನನ್ನು ಉಳಿಸಬೇಕಾದರೆ ಮನಸ್ಸು ಬಿಚ್ಚಬೇಕು, ಅದೂ ಎಲ್ಲರೆದುರು... ನಾಚಿಕೆ ಮುಖ್ಯವೋ, ಅವನೋ?

ಓಡಿದಳು.

ಅವನು ಚಿಮಟ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಸರವನ್ನು ತಟ್ಟೆಗೆ ಹಾಕಿದಳು. ತಟ್ಟೆ ಧಪ್ಪೆಂದು ಮೇಜಿಗೆ ಬಡಿಯಿತು. ದೊಡ್ಡಪ್ಪ ಬೆಚ್ಚಿದರು.

"ಇವರು ಕದ್ದಿಲ್ಲ. ನನ್ನ ಮನಸ್ಸಿನಷ್ಟೇ ಭಾರ ಈ ಸರ. ಬೆಳಿಗ್ಗೆ ಹಗುರ ಆಗಿದ್ದು... ಇವರನ್ನ ನೋಡಿ."

ತಟ್ಟೆ ಅಲುಗಿತು.

"ಅಮ್ಮ ಹೋದ್ಮೇಲೆ ನಾನು ನಕ್ಕಿದ್ದೇ ಇಲ್ಲಿ. ನನಗೆ ನೀವಂದ್ರೆ ಇಷ್ಟ. ತಪ್ಪಾಯ್ತು... ಹೋಗಬೇಡಿ."

ತಟ್ಟೆ ಮೆಲ್ಲನೆ ಎದ್ದಿತು. ಸರ ತಟ್ಟೆಯನ್ನೂ ಬಿಟ್ಟು ಕಿಟಕಿಯ ಬಿಸಿಲಲ್ಲಿ ತೇಲತೊಡಗಿತು. ಗೋಡೆಗಳ ಮೇಲೆಲ್ಲ ಹೊಂಬೆಳಕು ಓಡಾಡಿತು.

"ತಕ್ಕಡೀನ ನಂಬಿ ತಲೆ ನರೆಯಿತಲ್ಲಪ್ಪಾ!" ಎಂದು ದೊಡ್ಡಪ್ಪ ಚೀಲದಿಂದ ಸುತ್ತಿಗೆಯನ್ನು ತಾವೇ ತೆಗೆದಿಟ್ಟರು.

ಅವನು ಸರ ಹಿಡಿದು ಅವಳ ಅಂಗೈಗಿಟ್ಟ. "ಕೆಲಸ ಹೋಯ್ತು ಅಂತ ಅಲ್ಲ... ನೀವೇ ಕಳ್ಳ ಅಂದ್ರಲ್ಲ, ಅದಕ್ಕೆ ನೋವಾಯ್ತು."

ಅವಳ ಕಣ್ಣು ತುಂಬಿತು.

"ಅಳಬೇಡಿ. ನಂದೂ ಒಂದು ತಪ್ಪಿದೆ. ಕೊಂಡಿ ಮೊದಲ ದಿನಾನೇ ಸರಿಯಾಗಿತ್ತು."

"ಮತ್ತೆ ದಿನಾ ನಾಳೆ ಬನ್ನಿ, ನಾಳೆ ಬನ್ನಿ ಅಂತಿದ್ರಿ?"

"ನೀವು ಬರ್ಲಿ ಅಂತ..."

ಅವಳು ತಲೆ ತಗ್ಗಿಸಿದಳು. "ನಾಳೆಯೂ ಬರ್ಲಾ?"

"ಬೇಡ. ದೊಡ್ಡಪ್ಪನ್ನ ಕರ್ಕೊಂಡು ನಾನೇ ಬರ್ತೀನಿ. ಅಜ್ಜಿ ಮನೇಲಿರ್ತಾರಾ?"

"ಇರ್ತಾರೆ..." ಎಂದಳು ಮೆಲ್ಲಗೆ. "ನಾನೂ ಇರ್ತೀನಿ."