ಗಾಜಿನ ಒಳಬದಿ

ಮಡಿಕೇರಿಯ ಒಂದು ಖಾಸಗಿ ಚಿತ್ರಶಾಲೆ ನನ್ನ ಉಸ್ತುವಾರಿಯಲ್ಲಿದೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನಾದ್ದರಿಂದ, ಇಲ್ಲಿನ ಥಂಡಿಯಲ್ಲಿ ಚಿತ್ರಗಳಿಗೆ ತೇವ ತಗಲದಂತೆ ನೋಡಿಕೊಳ್ಳುವುದು ನನಗೆ ಇಷ್ಟದ ಕೆಲಸ. ಕಳೆದ ವರ್ಷ, ಅಂದರೆ ೧೯೫೩ರಲ್ಲಿ, ಹೊಸ ಪ್ರದರ್ಶನ ತೆರೆದ ಮಧ್ಯಾಹ್ನ ಅತಿಥಿಗಳಿಗೆ ಕಾಫಿ ಕೊಡಿಸಿ, ಹೆಂಡತಿ ಕಾಮಾಕ್ಷಿಗೂ ಮಗಳು ನೀಲಾಳಿಗೂ ಚಿತ್ರಗಳನ್ನು ತೋರಿಸುತ್ತಿದ್ದೆ.

ನೀಲಾಳಿಗೆ ಉಬ್ಬಸ. ಅವಳ ಎದೆಯ ಸಿಳ್ಳು ಕೇಳದ ದಿನವೇ ಇರಲಿಲ್ಲ. ಹೆಸರು ತಿಳಿಯದ ಹೆಂಗಸೊಬ್ಬಳ ಚಿತ್ರದ ಮುಂದೆ ನಿಂತಾಗ ಆ ಸಿಳ್ಳು ನಿಂತುಹೋಯಿತು.

"ರೀ, ಕೇಳಿ ಇಲ್ಲಿ! ಮಗೂಗೆ ಎದೆ ಎಷ್ಟು ಹಗುರಾಗಿದೆ!" ಎಂದಳು ಕಾಮಾಕ್ಷಿ.

ನಾನು ಚಿತ್ರದ ಗಾಜನ್ನು ನೋಡುತ್ತಿದ್ದೆ. ಆ ಹೆಂಗಸಿನ ಬಾಯಿಯ ನೇರಕ್ಕೆ ಆವಿ ಕಟ್ಟುತ್ತಿತ್ತು, ಕರಗುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಕರವಸ್ತ್ರದಿಂದ ಒರೆಸಿದೆ. ಹೋಗಲಿಲ್ಲ. ಅದು ಒಳಬದಿಯಲ್ಲಿತ್ತು.

ಕಾವಲಿನ ಮೊಣ್ಣಪ್ಪ ನಕ್ಕ. "ಅವಳಿಗೂ ಕಾಫಿ ಕೊಟ್ಟಿರೋ ಹೇಗೆ ಸಾರ್? ಬಾಯಲ್ಲಿ ಬಿಸಿ ಉಂಟಲ್ಲ!"

"ಮಗೂನ ಆಚೆ ಕರ್ಕೊಂಡು ಹೋಗು," ಎಂದೆ ಕಾಮಾಕ್ಷಿಗೆ.

"ನಿಮಗೇನು ಹುಚ್ಚಾ? ಈಗ ತಾನೇ ನೆಟ್ಟಗೆ ಉಸಿರಾಡ್ತಾ ಇದೆ ಕೂಸು."

ನಾನೇ ನೀಲಾಳನ್ನು ಎತ್ತಿಕೊಂಡು ಹೊರಗೆ ಬಂದೆ.

ಉಬ್ಬಸ ಮತ್ತೆ ಬರಲಿಲ್ಲ. ಕಾಮಾಕ್ಷಿ ಶಿರಂಗಾಲಕ್ಕೆ ಹೋಗಿ ಊರಮ್ಮನಿಗೆ ಹರಕೆ ಒಪ್ಪಿಸಿ ಬಂದಳು. ನೀಲಾ ಓಡುತ್ತಾಳೆ, ಹಾಡುತ್ತಾಳೆ, ಮೈ ಬೆಚ್ಚಗಿದೆ. ಆದರೂ ಧನುರ್ಮಾಸದ ಬೆಳಿಗ್ಗೆಗಳಲ್ಲಿ ನಾನು ಅವಳನ್ನು ಅಂಗಳಕ್ಕೆ ಕರೆದು ಮಾತಾಡಿಸುತ್ತೇನೆ. ಆ ಚಳಿಯಲ್ಲಿ ನನ್ನ ಬಾಯಿಂದ ಹಬೆ ಏಳುತ್ತದೆ. ಅವಳ ಬಾಯಿಂದ ಏಳುವುದಿಲ್ಲ.