ಮಹಾರಾಣಿಗೆ ದನಿ ಕೊಟ್ಟವಳು

"ನಿಮಗೆ ಒಬ್ಬರನ್ನ ನೆಟ್ಟಗೆ ಬೈಯೋಕೂ ಬರಲ್ವಾ?"

ಹೆಡ್‌ಫೋನಿನಲ್ಲಿ ಆ ದನಿ ಕೇಳಿ ಅವಳ ಕಿವಿ ಬಿಸಿಯಾಯಿತು. ಗಾಜಿನ ಆಚೆ ನಿರ್ದೇಶಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದ. ಅವನ ಪಕ್ಕದಲ್ಲಿ ಧ್ವನಿಮುದ್ರಣ ಮಾಡುವ ದಢೂತಿ ಮನುಷ್ಯ, ಸ್ಟುಡಿಯೋದವರೆಲ್ಲರ ಬಾಯಲ್ಲಿ ಸೌಂಡ್ ಅಣ್ಣ, ಹದಿನೇಳನೇ ಟೇಕಿನ ಜೊತೆ ಹದಿನೇಳನೇ ಬಿಸ್ಕತ್ತನ್ನೂ ಮುಗಿಸುತ್ತಿದ್ದ.

"ಬೈದೆನಲ್ಲ ಸಾರ್!"

"ಬೈದ್ರಿ. ಬೈದಾದ ಮೇಲೆ 'ಸಾರಿ ಮರಿ' ಅಂದ್ರಿ. ಅದು ಸ್ಕ್ರಿಪ್ಟಿನಲ್ಲಿ ಇಲ್ಲ."

"ಅದು... ತಾನಾಗಿ ಬಂದುಬಿಡುತ್ತೆ..."

ಪಾಪ, ಅವಳಾದರೂ ಏನು ಮಾಡಿಯಾಳು? ಎಂಟು ವರ್ಷದಿಂದ ಮಕ್ಕಳ ಕಾರ್ಟೂನೊಂದರಲ್ಲಿ ಅಳಿಲಿಗೆ ದನಿ ಕೊಟ್ಟು ಕೊಟ್ಟು, ಸ್ಟುಡಿಯೋಗಳಲ್ಲಿ ಅವಳ ಹೆಸರೇ ಅಳಿಲು ಎಂದಾಗಿಬಿಟ್ಟಿತ್ತು. ನಡುನಡುವೆ ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಹಲ್ಲಾಗಿಯೂ ನಕ್ಕಿದ್ದಳು. ಅಂಥವಳನ್ನು ಹುಡುಕಿ ಕರೆಸಿ, ಈ ಗಂಟುಮುಖದ ಮನುಷ್ಯ ಇಂಥ ಕರಾಳ ಚಿತ್ರದಲ್ಲಿ ತಂದು ನಿಲ್ಲಿಸಿದ್ದ!

ಅನಿಮೇಷನ್ ಚಿತ್ರ ಎಂದಾಗ ಅವಳು ಮೊಲವನ್ನೋ ಆನೆಮರಿಯನ್ನೋ ನಿರೀಕ್ಷಿಸಿದ್ದಳು. ಬಂದು ನೋಡಿದರೆ 'ಅಳಿಸಿದ ಹುಡುಗ'. ಒಂದು ದೊಡ್ಡ ಶಾಲೆ. ಅಲ್ಲಿ ಉಳ್ಳವರ ಮಕ್ಕಳನ್ನು ಶಾಯಿಯಲ್ಲಿ ಬರೆದಿದ್ದರು, ಇಲ್ಲದವರ ಮಕ್ಕಳನ್ನು ಬರೀ ಪೆನ್ಸಿಲಿನಲ್ಲಿ. ಫೀಸಿಲ್ಲದೆ ಸೇರಿದ ಒಬ್ಬ ಪೆನ್ಸಿಲ್ ಹುಡುಗನನ್ನು ಶಾಯಿಯ ಮಕ್ಕಳು ದಿನಾ ಕಾಡುತ್ತಾರೆ. ಒಂದೊಂದು ಅವಮಾನಕ್ಕೂ ಅವನ ಮೈಯ ಒಂದೊಂದು ಭಾಗ ಅಳಿಸಿಹೋಗುತ್ತದೆ. ಮೊದಲು ಕಿವಿ. ಆಮೇಲೆ ಬೆರಳು. ಕಾಡುವವರ ನಾಯಕಿಯ ಹೆಸರು ಮಹಾರಾಣಿ. ಆ ಮಹಾರಾಣಿಗೆ ದನಿ ನಮ್ಮ ಅಳಿಲು.

"ಇನ್ನೊಂದು ಸಲ," ಎಂದ ನಿರ್ದೇಶಕ. "ಎದುರಿಗಿರೋನು ಮನುಷ್ಯನೇ ಅಲ್ಲ ಅಂದ್ಕೊಳ್ಳಿ."

ಅವಳು ಗಾಜಿನಾಚೆಯ ಅವನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡಿದಳು.

"ಏಯ್! ನಿನ್ನ ಮುಖ ನೋಡಿದ್ರೆ ನಂಗೆ ಊಟ ಸೇರಲ್ಲ! ಹೋಗಿ ಆ ಮೂಲೇಲಿ ಕೂತ್ಕೋ!"

ಸೌಂಡ್ ಅಣ್ಣನ ಕೈಯಿಂದ ಬಿಸ್ಕತ್ತು ಬಿತ್ತು.

"ಓಕೆ!" ನಿರ್ದೇಶಕ ನೆಟ್ಟಗೆ ಕುಳಿತ. "ಅದ್ಭುತ! ಯಾರನ್ನ ನೆನೆಸ್ಕೊಂಡ್ರಿ?"

"ಹೇಳಿದ್ರೆ ಕೆಲಸ ಹೋಗುತ್ತೆ ಸಾರ್."

ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕುಬಿಟ್ಟ. ಗಂಟುಮುಖ ಬಿಚ್ಚಿಕೊಂಡಾಗ ಒಳಗೆ ಇಷ್ಟು ಚಂದದ ಮುಖ ಇರುತ್ತದೆಂದು ಅವಳಿಗೇನು ಗೊತ್ತು!

ಅಂದಿನಿಂದ ಎಲ್ಲ ಎಡವಟ್ಟು ಶುರುವಾಯಿತು.

ಅವಳ ಗಂಟಲಿಗೆಂದು ಅವನೇ ಬಿಸಿನೀರು ತಂದುಕೊಡತೊಡಗಿದ. ಅವಳೋ ಬೆಳಿಗ್ಗೆ ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲತೊಡಗಿದಳು. 'ಮೈಕಿಗೆ ಕಣ್ಣಿಲ್ಲ ಕಣೇ,' ಎಂದು ತನಗೆ ತಾನೇ ಹೇಳಿಕೊಂಡರೂ ಕಾಡಿಗೆ ಹಚ್ಚುವ ಕೈ ಕೇಳಬೇಕಲ್ಲ!

"ಸಾರ್, ನನ್ನ ಗಂಟಲೂ ಒಣಗಿದೆ," ಎಂದು ಒಂದು ದಿನ ಸೌಂಡ್ ಅಣ್ಣ ಹೇಳಿ ನೋಡಿದ.

"ನಲ್ಲಿ ಆ ಕಡೆ ಇದೆ," ಎಂದ ನಿರ್ದೇಶಕ.

ಹದಿನೈದನೇ ದಿನ ನಾಲ್ಕನೇ ರೀಲು. ನಿರ್ದೇಶಕ ಇನ್ನೂ ಬಂದಿರಲಿಲ್ಲ. ಸೌಂಡ್ ಅಣ್ಣ ದೃಶ್ಯ ಹಾಕಿದ. ಪೆನ್ಸಿಲ್ ಹುಡುಗ ಹೊಸ ಅಂಗಿ ತೊಟ್ಟು ತರಗತಿಗೆ ಬರುತ್ತಾನೆ. ಹಸಿರು ಬಟ್ಟೆ, ಮೈತುಂಬ ಹಳದಿ ಬಾತುಕೋಳಿ. ಶಾಲೆಯ ಲೈಬ್ರರಿಯ ಹಳೇ ಪರದೆಯದೂ ಅದೇ ಬಟ್ಟೆ! ಅಲ್ಲಿ ಕಸ ಗುಡಿಸುವ ಅವನ ಅಮ್ಮ ಅದನ್ನೇ ಹೊಲಿದುಕೊಟ್ಟಿದ್ದಾಳೆ. ಶಾಯಿಯ ಮಕ್ಕಳು ಸುತ್ತುವರಿದು ಕೂಗುತ್ತಾರೆ. "ಪರದೆ! ಪರದೆ! ಎಳೀರೋ ಪರದೇನ!"

ಅಳಿಲು ಹೆಡ್‌ಫೋನ್ ಕಳಚಿ ತೆರೆಯ ಹತ್ತಿರ ಬಂದಳು.

ಆ ಬಾತುಕೋಳಿಗಳನ್ನು ಅವಳು ನೋಡಿದ್ದಳು. ಏಳನೇ ಕ್ಲಾಸಿನಲ್ಲಿ. ಮೂರನೇ ಬೆಂಚಿನ ತುದಿಯಲ್ಲಿ.

ಮೇಜಿನ ಮೇಲೆ ಅವನ ನೋಟ್‌ಬುಕ್ ಇತ್ತು. ತೆರೆದಳು. ಮಹಾರಾಣಿಯ ಚಿತ್ರದ ಪಕ್ಕ ಬರೆದಿತ್ತು: 'ದನಿ ಇವಳದೇ ಆಗಬೇಕು. ಬೇರೆ ಯಾರೂ ಬೇಡ.' ಕೆಳಗೆ ಎರಡು ಗೆರೆ. ಮುಂದಿನ ಪುಟದಲ್ಲಿ ಕೊನೆಯ ದೃಶ್ಯ: 'ಮಹಾರಾಣಿ ಗೋಡೆಯಾಚೆಯಿಂದ ಹುಡುಗನ ಅಮ್ಮನ ದನಿಯನ್ನು ಅಣಕಿಸುತ್ತಾಳೆ. ಹುಡುಗನ ಮುಖವೇ ಅಳಿಸಿಹೋಗುತ್ತದೆ.'

'ಅಯ್ಯೋ ದೇವರೇ... ಇವನಿಗೆ ಎಲ್ಲ ಗೊತ್ತು!'

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದು ಅವನು ನಿಂತಿದ್ದ.

"ಆ ಹುಡುಗ... ನೀವಾ?"

ಅವನ ಮುಖ ಅರಳಿತು. "ಗುರುತು ಸಿಕ್ತಾ? ಹದಿನೈದು ದಿನದಿಂದ ಕಾಯ್ತಾ ಇದ್ದೆ!"

"ಸೇಡು ತೀರಿಸ್ಕೊಳ್ಳೋಕೆ?" ಅವಳ ದನಿ ಒಡೆಯಿತು. "ಹದಿನೇಳು ಟೇಕು! ಅದೂ ಸಾಲದು ಅಂತ ಬಿಸಿನೀರು ಬೇರೆ! ನೇರವಾಗಿ ಬೈದುಬಿಡಬಹುದಿತ್ತಲ್ಲ?"

"ಸೇಡಾ? ಯಾವ ಸೇಡು?" ಅವನು ತಬ್ಬಿಬ್ಬಾದ. "ಅಲ್ಲ ರೀ... ನನ್ನನ್ನ ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ್ದು ನೆನಪಿದ್ಯಾ? ಹೊರಗೆ ಎಲ್ಲ ನಗ್ತಿದ್ರು. ಆಗ ಶಾಲೆಯ ಮೈಕಿನಲ್ಲಿ ಹೆಡ್‌ಮಾಸ್ಟರ್ ಗುಡುಗಿದ್ರು, 'ಸಾಮಾನಿನ ಕೋಣೆಯ ಬಾಗಿಲನ್ನು ಈ ಕೂಡಲೇ ತೆರೆಯತಕ್ಕದ್ದು!' ಎಲ್ಲ ಬಾಗಿಲು ತೆಗೆದು ದಿಕ್ಕಾಪಾಲಾಗಿ ಓಡಿದ್ರು. ನಾನು ಹೊರಗೆ ಬಂದು ನೋಡಿದ್ರೆ ಹೆಡ್‌ಮಾಸ್ಟರ್ ಗೇಟಿನ ಹತ್ತಿರ ನಿಂತು, ನನ್ನ ದನಿ ನಾನಿಲ್ಲದೆ ಹೇಗೆ ಬಂತು ಅಂತ ಆಕಾಶ ನೋಡ್ತಿದ್ದಾರೆ! ಆಫೀಸಿನ ಕಿಟಕಿಯಿಂದ ಎರಡು ಜಡೆಯ ಹುಡುಗಿ ಧುಮುಕಿ ಓಡ್ತಾ ಇದ್ದಾಳೆ. ನೀವು!"

ಅವಳು ಮೈಕಿನ ಕಂಬ ಹಿಡಿದು ನಿಂತಳು.

"ನನಗಾಗಿ ಒಬ್ಬರು ಕಿಟಕಿ ಹಾರಿದ್ದು ಅದೊಂದೇ ಸಲ," ಎಂದ ಮೆಲ್ಲಗೆ. "ಚಿತ್ರ ಮಾಡಿದ್ರೆ ಈ ದನಿ ಬೇಕು ಅಂತ ಅವತ್ತೇ ಅಂದ್ಕೊಂಡಿದ್ದೆ. ನನ್ನ ಕಾಡಿದವರೆಲ್ಲ ಜೇನಿನಂಥ ದನಿಯವರೇ. ಅದಕ್ಕೇ ಮಹಾರಾಣಿಗೆ ಸವಿಯಾದ ದನಿ ಬೇಕಿತ್ತು. ಚಿತ್ರಕ್ಕೆ ಮಾತ್ರ ಅಲ್ಲ, ನನಗೂ..." ಅವನ ಕಿವಿಗಳು ಕೆಂಪಾದವು.

ಸೌಂಡ್ ಅಣ್ಣ ಇಬ್ಬರ ಮಾತು ಚೆನ್ನಾಗಿ ಕೇಳಲೆಂದು ಫ್ಯಾನ್ ಆರಿಸಿದ.

ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು! ತಲೆ ತಗ್ಗಿಸಿ ನಾಚಿಕೊಂಡಿದ್ದರೆ ಅಲ್ಲಿಗೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಇಷ್ಟು ವರ್ಷ ಅವನು ಎದೆಯಲ್ಲಿಟ್ಟುಕೊಂಡಿದ್ದ ಹುಡುಗಿ ಅವಳೇ. ಆದರೆ ಅವಳು ಬರೀ ಆ ಹುಡುಗಿಯಾಗಿರಲಿಲ್ಲವಲ್ಲ...

'ಹೇಳಬೇಡ ಕಣೇ!' ಎಂದಿತು ಮನಸ್ಸು. ಬಾಯಿ ಹೇಳಿಯೇಬಿಟ್ಟಿತು.

"ಗೋಡೆಯಾಚೆಯಿಂದ ನಿಮ್ಮ ಅಮ್ಮನ ದನಿ ಅಣಕಿಸಿದ್ದು... ನಾನೇ."

ಅವನ ನಗು ಹಾಗೇ ನಿಂತಿತು.

"ಮೈಕಿನಲ್ಲಿ ಕೂಗಿದ್ದು ಆಮೇಲೆ, ಎರಡು ದಿನಕ್ಕೆ. ತಡೀಲಾರದೆ. ಮೊದಲು ಮಾಡಿದ್ದು ಇದು." ಕಣ್ಣೀರು ಕಾಡಿಗೆಯನ್ನೂ ಕರೆದುಕೊಂಡು ಇಳಿಯತೊಡಗಿತು. "ನನ್ನಪ್ಪ ಆ ಶಾಲೆಯ ಬಸ್ ಡ್ರೈವರ್. ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಿಮ್ಮ ಕಡೆ ನೋಡಿ ನಗ್ತಾ ಇದ್ರೆ, ನನ್ನ ಕಡೆ ಯಾರೂ ತಿರುಗಲ್ಲ ಅಂತ..."

ಅವನು ಲೋಟವನ್ನು ಮೇಜಿನ ಮೇಲಿಟ್ಟ. ಬಾಗಿಲು ತೆಗೆದುಕೊಂಡು ಹೊರಟುಹೋದ.

ಮನೆಗೆ ಬಂದವಳ ಮುಖ ನೋಡಿ ಅಪ್ಪ ಪತ್ರಿಕೆ ಮಡಚಿದರು. ಬಸ್ಸು ಬಿಟ್ಟು ಆರು ವರ್ಷವಾಗಿದ್ದರೂ ಅವರ ಬಾಯಿ ಇನ್ನೂ ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಯಾರು ಬಂದು ಗುದ್ದಿದ್ದು?"

"ನಾನೇ ಗುದ್ದಿದ್ದು ಅಪ್ಪ..."

ಎಲ್ಲವನ್ನೂ ಹೇಳಿದಳು. ಶಾಲೆಯಲ್ಲಿ ಸ್ನೇಹಿತೆಯರ ಎದುರು ಅಪ್ಪನನ್ನೇ 'ಡ್ರೈವರ್' ಎಂದು ಕರೆದದ್ದನ್ನೂ.

"ಅದು ನಂಗೆ ಗೊತ್ತಿಲ್ವಾ?" ಎಂದರು ಅಪ್ಪ. "ಬಸ್ಸಲ್ಲಿ ಕನ್ನಡಿ ಇಟ್ಟಿರೋದು ಮತ್ಯಾಕೆ? ದಿನಾ ನೋಡ್ತಿದ್ದೆ. ಇಳಿದು ಹೋಗುವಾಗ ಯಾರೂ ಇಲ್ಲದ ಹೊತ್ತಲ್ಲಿ ತಿರುಗಿ ನೋಡ್ತಿದ್ದೆಯಲ್ಲ, ಅದನ್ನೂ ನೋಡ್ತಿದ್ದೆ."

ಅವಳು ಅಪ್ಪನ ಭುಜಕ್ಕೆ ಮುಖ ಒತ್ತಿ ಚಿಕ್ಕ ಮಗುವಿನ ಹಾಗೆ ಅತ್ತಳು.

"ಸರಿ, ಸರಿ. ಅಂಗಿ ಒದ್ದೆ ಮಾಡ್ಬೇಡ. ರಿವರ್ಸ್ ತಗೊಳ್ಳೋಕೆ ನಾಚ್ಕೋಬಾರದಮ್ಮ. ನಿಧಾನಕ್ಕೆ ತಗೋ, ಹಿಂದೆ ಯಾರಿದ್ದಾರೆ ನೋಡ್ಕೊಂಡು ತಗೋ. ಕೆಲಸ ಇನ್ನೂ ಬಾಕಿ ಇದೆ ತಾನೇ? ಹೋಗಿ ಮುಗಿಸು."

ಮೂರು ದಿನ ಅವನಿಂದ ಒಂದು ಮಾತಿಲ್ಲ. ನಾಲ್ಕನೇ ದಿನ ಸೌಂಡ್ ಅಣ್ಣನ ಫೋನು: "ಕೊನೇ ದೃಶ್ಯ. ಹತ್ತು ಗಂಟೆಗೆ. ಸಾರ್ ಮುಖ ಮತ್ತೆ ಗಂಟು ಬಿದ್ದಿದೆ. ದಯವಿಟ್ಟು ಬೇಗ ಬಾರಮ್ಮ."

ಎದೆ ಗಟ್ಟಿ ಮಾಡಿಕೊಂಡು ಹೋದಳು. ಒಳಗೆ ನೋಡಿದರೆ ಬಿಳಿಕೂದಲಿನ ಹೆಂಗಸೊಬ್ಬರು ಯಂತ್ರದ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು.

"ಇಷ್ಟು ದೊಡ್ಡ ಮಿಷನ್ನು, ಒರೆಸೋಕೆ ಒಂದು ತುಂಡು ಬಟ್ಟೆ ಇಲ್ವೇನಪ್ಪ?"

ಸೌಂಡ್ ಅಣ್ಣ ಕರವಸ್ತ್ರ ತೆಗೆದು ಭಯಭಕ್ತಿಯಿಂದ ಒರೆಸತೊಡಗಿದ್ದ. ನಿರ್ದೇಶಕ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅವಳಿಗೆ ಆ ದನಿಯ ಗುರುತು ಹತ್ತಿತು. ಹತ್ತದೆ ಇರುತ್ತದೆಯೇ?

"ಅಮ್ಮಾ... ನಾನು ನಿಮ್ಮನ್ನ..."

"ಗೊತ್ತಮ್ಮ. ನನ್ನ ದನಿ ಮಾಡ್ತಿದ್ದೋಳು."

"ಇವರು ಹೇಳಿದ್ರಾ?"

"ಅವನೇನು ಹೇಳೋದು? ನೀನು ನಿಂತಿದ್ದ ಗೋಡೆ ಪಕ್ಕದ ಟಾಯ್ಲೆಟ್ ತೊಳೀತಾ ಇದ್ದದ್ದೇ ನಾನು!"

ನಿರ್ದೇಶಕ ತಲೆಯೆತ್ತಿದ. "ಅಮ್ಮ! ಆಗ್ಲೇ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಈ ಹುಡುಗೀನ ಕದ್ದು ಕದ್ದು ನೋಡೋದು ನಿಲ್ಲಿಸ್ತಿದ್ದೆ. ನೀನು ಅಳದೆ ಶಾಲೆಗೆ ಹೋಗ್ತಿದ್ದದ್ದೇ ಅದೊಂದಕ್ಕೆ!"

ಅವನ ಕಿವಿ ಮತ್ತೆ ಕೆಂಪಾಯಿತು. ಸೌಂಡ್ ಅಣ್ಣ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ.

"ತುಂಬ ನೋವಾಯ್ತಾ ಅಮ್ಮ?" ಎಂದಳು ಅವಳು, ಕೇಳಿಸದಷ್ಟು ಮೆಲ್ಲಗೆ.

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ಮನೇಗೆ ಹೋಗಿ ಅತ್ತೆ." ಅವರು ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದರು. "ಆಮೇಲೆ ಇವನು ಬಂದು ಕಿಟಕಿ ಹಾರಿದ ಹುಡುಗಿ ಕಥೆ ಹೇಳ್ದ. ಅದೂ ನೀನೇ ಅಂತ ಗೊತ್ತಾಯ್ತು. ಸಿಟ್ಟು ಎಲ್ಲಿ ಇಡೋದು ಅಂತಲೇ ತಿಳೀಲಿಲ್ಲ. ಆದ್ರೆ ಒಂದು ಸಿಟ್ಟು ಇವತ್ತಿಗೂ ಇದೆ."

"ಏನಮ್ಮ?"

"ನೀನು ಮಾಡಿದ್ದು ನನ್ನ ದನಿ ಹಾಗೇ ಇರ್ಲಿಲ್ಲ! ಮೂಗಲ್ಲಿ ಮಾತಾಡಿದ್ದೆ. ನಾನು ಯಾವತ್ತಾದ್ರೂ ಮೂಗಲ್ಲಿ ಮಾತಾಡಿದೀನಾ?"

ನಿರ್ದೇಶಕ, ಸೌಂಡ್ ಅಣ್ಣ ಇಬ್ಬರೂ ಒಟ್ಟಿಗೆ ಜೋರಾಗಿ ತಲೆಯಾಡಿಸಿದರು. ಇಲ್ಲವೇ ಇಲ್ಲ!

"ಒಳಗೆ ಹೋಗು. ನಾನು ಹೇಳ್ಕೊಡ್ತೀನಿ. ಆ ಮಕ್ಕಳು ಏನನ್ನ ನೋಡಿ ನಕ್ರು ಅಂತ ಜನಕ್ಕೆ ಸರಿಯಾಗಿ ಕೇಳಿಸ್ಲಿ."

ಅರ್ಧ ಗಂಟೆ ತಾಲೀಮು ನಡೆಯಿತು. "ಅಷ್ಟು ಎಳೀಬೇಡ... ಗಂಟಲಿಂದ ಬರ್ಲಿ... ಹಾಂ, ಈಗ ಸ್ವಲ್ಪ ಸುಸ್ತು ಸೇರಿಸು." ದೀಪ ಕೆಂಪಾಯಿತು. ತೆರೆಯ ಮೇಲೆ ಮಹಾರಾಣಿ ಗೋಡೆಗೆ ಒರಗಿ ಬಾಯಿ ತೆರೆದಳು.

"ಮಗಾ, ಊಟ ಮಾಡಿದ್ಯೇನೋ? ಅಂಗಿ ಕೊಳೆ ಮಾಡ್ಕೋಬೇಡ ಕಣೋ... ನಾಳೇಗೂ ಅದೇ."

ಯಾರೂ ನಗಲಿಲ್ಲ. ನಗಲು ಅದರಲ್ಲಿ ಏನೂ ಇರಲಿಲ್ಲ. ಒಬ್ಬ ದಣಿದ ತಾಯಿ ಮಗನನ್ನು ಊಟ ಕೇಳಿದ್ದಳು, ಅಷ್ಟೇ. ತೆರೆಯ ಮೇಲೆ ಶಾಯಿಯ ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. ಪೆನ್ಸಿಲ್ ಹುಡುಗನ ಮುಖ ನಿಧಾನವಾಗಿ ಅಳಿಸಿ ಕಾಗದ ಬಿಳಿಯಾಯಿತು.

"ಹೂಂ," ಎಂದರು ಅಮ್ಮ. "ಇದು ನಾನು."

ಸೌಂಡ್ ಅಣ್ಣ ಧೂಳಿನ ಕರವಸ್ತ್ರದಲ್ಲೇ ಕಣ್ಣೊರೆಸಿಕೊಂಡು ಸೀನತೊಡಗಿದ. ಅಮ್ಮ ಅವನನ್ನು ಮುಖ ತೊಳೆಸಲು ಎಳೆದುಕೊಂಡು ಹೋದರು.

ಇಬ್ಬರೇ ಉಳಿದರು. ಅವನು ಗಾಜಿನ ಕೋಣೆಯೊಳಗೆ ಬಂದು ಅವಳ ಎದುರು ನಿಂತ.

"ನನ್ನ ಕೋಪ ಇನ್ನೂ ಹೋಗಿಲ್ಲ," ಎಂದ.

"ಗೊತ್ತು."

"ಮೂರು ದಿನ ಪ್ರಯತ್ನಪಟ್ಟೆ. ಕೋಪ ಮಾಡ್ಕೊಂಡು ಕೂತ್ರೆ ನಿಮ್ಮ ನೆನಪು ಬರುತ್ತೆ. ನಿಮ್ಮನ್ನ ನೆನೆಸ್ಕೊಂಡ್ರೆ ಕೋಪ ಮರೆತುಹೋಗುತ್ತೆ. ಒಂದು ಕೆಲಸಾನೂ ಆಗ್ಲಿಲ್ಲ."

ಅವಳ ಕಾಡಿಗೆ ಮತ್ತೆ ಕೆನ್ನೆಗೆ ಇಳಿಯಿತು. "ಮುಖ ತೋರಿಸ್ಬೇಡ ಅಂದ್ರೂ ಸರಿ... ನಾನು ಹೇಳ್ದೆ ಇರೋಕೆ ಆಗಲ್ಲ. ನಂಗೆ ನೀವು ಇಷ್ಟ. ತುಂಬ ಇಷ್ಟ."

ಅವನು ಅವಳ ಕೆನ್ನೆಯ ಮೇಲಿನ ಕಾಡಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ.

"ಈ ಕೋಪ ಪೂರ್ತಿ ಇಳಿಯೋಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ. ದಿನಾ ಬಂದು ನೋಡ್ಕೊಂಡು ಹೋಗ್ತೀಯಾ?"

ಅವನು 'ನೀವು' ಬಿಟ್ಟದ್ದು ಅವಳ ಗಮನಕ್ಕೆ ಬಂತು.

"ಭಾನುವಾರವೂ ಬರ್ಬೇಕಾ?"

"ಭಾನುವಾರ ಸ್ವಲ್ಪ ಜಾಸ್ತಿ ಇರುತ್ತೆ," ಎಂದ ಅವನು. "ಬೆಳಿಗ್ಗೇನೇ ಬಂದುಬಿಡು."