ಹುರುಳಿ ಒಕ್ಕಣೆಯ ಹಸಿರು ದೀಪ

ನಂಜನಗೂಡು ಬೈಪಾಸ್ ಸಿಗ್ನಲ್ಲಿನಲ್ಲಿ ಹಾಲಿನ ಚಲುವಯ್ಯ ಸತ್ತು ಬಿದ್ದಿದ್ದ. ಮೊಪೆಡ್ ನುಜ್ಜುಗುಜ್ಜು. ಯಾರೋ ಪುಣ್ಯಾತ್ಮರು ತಮ್ಮ ಟವಲ್ ಹೊದಿಸಿದ್ದರು.

ಗುದ್ದಿದ್ದು ಟಿ. ನರಸೀಪುರ ರಸ್ತೆಯಿಂದ ಬಂದ ಕಬ್ಬಿನ ಲಾರಿ. ಡ್ರೈವರ್ ಕಲ್ಲಯ್ಯನಿಗೆ ಜನ ಆಗಲೇ ನಾಲ್ಕು ಬಿಟ್ಟಿದ್ದರು.

“ನಂಗೆ ಅಸಿರಿತ್ತು ಮೇಡಂ. ಮಕ್ಕಳಾಣೆ,” ಅಂದ ಎಸ್.ಐ. ರೋಜಾ ಅವರಿಗೆ.

“ಎಲ್ಲ ಡ್ರೈವರ್‌ಗಳೂ ಇದನ್ನೇ ಹೇಳೋದು,” ಅಂದೆ. ನಾನು ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದು. ನನ್ನ ಬಾಯಿಗೆ ಬೀಗವಿಲ್ಲ.

ಅದು ಹೊಸ ಸಿಗ್ನಲ್. ರಸ್ತೆಯೊಳಗೆ ತಂತಿ ಹೂತಿದ್ದರು. ಯಾವ ಕಡೆ ವಾಹನ ಬಂದಿದೆಯೋ ನೋಡಿಕೊಂಡು ಆ ಕಡೆಗೆ ಹಸಿರು ಕೊಡುತ್ತಿತ್ತು. ಎಂಜಿನಿಯರ್ ಬಂದು ಪರೀಕ್ಷಿಸಿ, ಯಂತ್ರ ಸರಿಯಾಗಿದೆ ಅಂದರು. ಹಾಗಾದರೆ ಕಲ್ಲಯ್ಯ ಜೈಲಿಗೆ.

ಹೂ ಮಾರುವ ರಾಮಮ್ಮ ಅಡ್ಡ ಬಂದಳು. “ಬೆಳಿಗ್ಗೆಯಿಂದ ಮೈಸೂರು ಕಡೆಯೋರ್ಗೆ ಬರೀ ಕೆಂಪು ಕಣವ್ವ. ನರಸೀಪುರದ ಕಡೆ ನರಪಿಳ್ಳೆ ಇರ್ಲಿಲ್ಲ, ಆದ್ರೂ ಅಸಿರು. ಚಲುವಯ್ಯ ಕಾದೂ ಕಾದೂ ನುಗ್ಗೇಬುಟ್ಟ.”

ರೋಜಾ ಎಂಜಿನಿಯರ್ ಕಡೆ ತಿರುಗಿದರು. “ತಂತಿಗೆ ವಾಹನ ಅಂತ ಹೇಗೆ ಗೊತ್ತಾಗುತ್ತೆ?”

“ಕಬ್ಬಿಣ ಮೇಲೆ ಬಂದ್ರೆ ಸಾಕು.”

* * *

ರೋಜಾ ಟವಲ್ ಎತ್ತಿ ನೋಡಿದರು. ಅದಕ್ಕೆ ಹುರುಳಿ ಹೊಟ್ಟು ಅಂಟಿತ್ತು. ಪಕ್ಕದಲ್ಲಿ ಉದ್ದಕ್ಕೆ ತುಕ್ಕಿನ ಕಲೆ.

“ಟವಲ್ ಯಾರದು?”

“ಅಲ್ಲಿ ಹುರುಳಿ ಒಕ್ತಾವ್ರಲ್ಲ, ಆ ಬಸವಯ್ಯನೋರ್ದು. ಅವ್ರೂ ಚಲುವಯ್ಯನೂ ಬಾಲ್ಯದ ಜೊತೆಗಾರ್ರು,” ಅಂದಳು ರಾಮಮ್ಮ.

ನರಸೀಪುರ ರಸ್ತೆಯಲ್ಲಿ ತಂತಿ ಹೂತ ಜಾಗದಲ್ಲೇ ಬಸವಯ್ಯ ಹುರುಳಿ ಗಿಡ ಹರಡಿದ್ದ, ವಾಹನಗಳ ಚಕ್ರ ತುಳಿದು ಕಾಳು ಬಿಡಿಸಲಿ ಅಂತ. ಈಗ ಎಲ್ಲವನ್ನೂ ಬದಿಗೆ ಗುಡ್ಡೆ ಹಾಕಿ ತಲೆ ತಗ್ಗಿಸಿ ಕೂತಿದ್ದ. ಗುಡ್ಡೆ ಕೆದಕಿದೆ. ಒಳಗೆ ಡ್ರಮ್ಮು ಬಿಚ್ಚಿ ಚಪ್ಪಟೆ ಮಾಡಿದ ತುಕ್ಕು ತಗಡು.

ಮೇಡಂ ಹೇಳಿದಂತೆ ಅದನ್ನು ತಂತಿಯ ಮೇಲೆ ಇಟ್ಟೆ. ರಸ್ತೆ ಖಾಲಿ. ಹಸಿರು ಬಂತು, ಬಂದದ್ದು ಹೋಗಲೇ ಇಲ್ಲ.

“ಕೆಂಪು ಬಿದ್ರೆ ವಾಹನ ನಿಲ್ತವೆ, ಹುರುಳಿ ತುಳಿಯಲ್ಲ,” ಅಂದರು ರೋಜಾ. “ಅದಕ್ಕೆ ಗಿಡದಡಿ ತಗಡು ಇಟ್ರಿ. ಹೊತ್ತು ತಂದಾಗ ಹೆಗಲ ಮೇಲಿನ ಟವಲ್‌ಗೆ ತುಕ್ಕು ಹತ್ತಿತು. ಚಲುವಯ್ಯ ಬಿದ್ದ ಮೇಲೆ ತಗಡು ತೆಗೆದು ಮುಚ್ಚಿಟ್ರಿ. ಅಲ್ವಾ ಯಜಮಾನ್ರೇ?”

“ಹೂಂ ಕಣವ್ವ,” ಅಂದ ಬಸವಯ್ಯ. “ಒಂದಿನ ಅಲ್ಲಿ ಕಬ್ಬಿಣದ ನೇಗಿಲು ಇಳಿಸಿದ್ದೆ. ದೀಪ ಅಸಿರಾಯ್ತು. ಅಂಗೆ ಗೊತ್ತಾಯ್ತು.” ಸಿಗ್ನಲ್ ಕಂಬ ತೋರಿಸಿದ. “ಈ ರೋಡ್ ಬರೋಕ್ ಮುಂಚೆ ನನ್ ಕಣ ಇದ್ದಿದ್ದೇ ಅಲ್ಲಿ. ಇನ್ನೆಲ್ಲಿ ಒಕ್ಕಣೆ ಮಾಡ್ಲಿ?”

ಕಲ್ಲಯ್ಯನನ್ನು ಜೀಪಿನಿಂದ ಇಳಿಸಿ ಬಸವಯ್ಯನನ್ನು ಹತ್ತಿಸಿದೆ. ಅವನ ಟವಲ್ ಇನ್ನೂ ಚಲುವಯ್ಯನ ಮೈಮೇಲಿತ್ತು.

“ಯಾರೂ ನಿಲ್ದಂಗೆ ಓಗ್ಲಿ ಅಂತ ತಗಡು ಮಡಗ್ದೆ ಕಣಪ್ಪ,” ಅಂದ. “ನಮ್ ಚಲುವಯ್ಯನೂ ನಿಲ್ನಿಲ್ಲ.”